ತಾತನ ಪೇಟವನ್ನು ತೂಕಕ್ಕೆ ಹಾಕಬೇಡಿ

"ಹಳೇ ಜರಿ ಸೀರೆ, ಜರಿ ಪಂಚೆ, ಪೇಟಾ ಇದ್ರೆ ತಗೋತೀವೀ..." ಬೀದಿಯಲ್ಲಿ ಈ ಕೂಗು ಕೇಳಿದಾಗಲೆಲ್ಲ ನನಗೆ ಅಜ್ಜಿಯ ಮುಖ ನೆನಪಾಗುತ್ತದೆ. ನಾನಾಗ ಹೈಸ್ಕೂಲು. ತಾತ ತೀರಿಕೊಂಡು ವರ್ಷವಾಗಿತ್ತು. ಟ್ರಂಕು ಖಾಲಿ ಮಾಡುವ ಭರದಲ್ಲಿ ಅಮ್ಮ ತಾತನ ಜರಿ ಪೇಟವನ್ನು ಜಗುಲಿಗೆ ತಂದಿಟ್ಟರು. ವ್ಯಾಪಾರಿ ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿದ. ಕೂದಲು ಸುಟ್ಟ ವಾಸನೆ. ಉಳಿದ ಚೂರನ್ನು ಅಂಗೈಯಲ್ಲಿಟ್ಟು "ಅಸಲಿ ಬೆಳ್ಳಿ ಅಮ್ಮಾ" ಅಂದ. ಒಂದು ಕುಕ್ಕರ್ ಕೊಳ್ಳುವಷ್ಟು ದುಡ್ಡು ಸಿಕ್ಕಿತು. ಅಜ್ಜಿ ತುಟಿ ಬಿಚ್ಚಲಿಲ್ಲ. ಪೇಟ ಸುತ್ತಿಟ್ಟಿದ್ದ ಹಳೇ ಪಂಚೆ ತುಂಡನ್ನು ಮಡಿಸಿ ಖಾಲಿ ಟ್ರಂಕಿನಲ್ಲಿ ಮತ್ತೆ ಇಟ್ಟರು, ಅಷ್ಟೇ.

ಅಮ್ಮನನ್ನು ದೂರುವುದಿಲ್ಲ. ಕಪ್ಪಾಗಿ, ಮಡಿಕೆಯಲ್ಲಿ ಸೀಳಿದ್ದ ಬಟ್ಟೆಯನ್ನು ಇಟ್ಟುಕೊಂಡು ಏನು ಮಾಡೋದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ವ್ಯಾಪಾರಿ ಪೇಟವನ್ನು ಪೇಟವಾಗಿ ಒಯ್ಯುವುದಿಲ್ಲ. ರೇಷ್ಮೆಯನ್ನು ಸುಟ್ಟು, ಬೆಳ್ಳಿ ಕರಗಿಸಿಕೊಳ್ಳುತ್ತಾನೆ. ಬೆಳ್ಳಿ ದರ ಏರಿದಷ್ಟೂ ಈ ಕೂಗು ಜೋರಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಟ್ರಂಕು ತೆರೆದ ದಿನವೇ ಮಾರಬೇಡಿ.

ಗಂಡಸರ ಪೇಟದ ವಿಷಯ ನಮ್ಮ ಪುಟದಲ್ಲೇಕೆ ಅಂತೀರಾ? ತಲೆ ಮೇಲೆ ಇಟ್ಟುಕೊಂಡವರು ಅವರು. ಬಿಳಿ ರುಮಾಲಿಗೆ ಗಂಜಿ ಹಾಕಿ, ಜರಿ ರುಮಾಲನ್ನು ನೆರಳಲ್ಲಿ ಗಾಳಿಗೆ ಹರವಿ, ಮಡಿಸಿಟ್ಟು ಕಾದವರು ನಮ್ಮ ಅಜ್ಜಿಯರು. ಈಗ ಬೀರುವಿನ ಕೀಲಿ ನಮ್ಮ ಸೊಂಟದಲ್ಲಿದೆ.

ಮೊದಲು ಕೈಲಿರುವುದು ಏನು ಅಂತ ತಿಳಿಯಿರಿ. ಹಳೇ ಮೈಸೂರಿನ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಉದ್ದನೆಯ ರುಮಾಲು. ಅದನ್ನು ಸುತ್ತಿದಾಗಲೇ ಪೇಟ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ನೋಡಿದರೆ ಸುತ್ತು ಹೇಗಿರುತ್ತಿತ್ತು ಅಂತ ಗೊತ್ತಾಗುತ್ತದೆ. ಉದ್ದ ಕೋಟಿನ ಜೊತೆ ಜರಿ ಪೇಟ ದಸರಾ ದರ್ಬಾರಿನ ಉಡುಪೂ ಹೌದು. ಈಗ ಸನ್ಮಾನಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಜೊತೆ ತೊಡಿಸುತ್ತಾರಲ್ಲ, ಆ ಸಿದ್ಧ ಪೇಟ ಬೇರೆ. ಒಳಗೆ ಬೆರಳಾಡಿಸಿ, ರಟ್ಟು, ಅಂಟು ಸಿಕ್ಕರೆ ಅದೇ. (ಬೀರುವಿನ ಮೇಲೆ ಅಂಥವು ನಾಲ್ಕು ಕೂತಿದ್ದರೆ ಶಾಲೆಯ ನಾಟಕಕ್ಕೆ ಕೊಟ್ಟುಬಿಡಿ, ಪುಣ್ಯ ಬರುತ್ತೆ.)

ಜರಿ ಅಸಲಿಯೋ ಅಂತ ನೋಡಲು ಬೆಂಕಿ ಬೇಡ. ಅಂಚಿನಲ್ಲಿ ಬಿಚ್ಚಿಕೊಂಡ ಒಂದೆಳೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಕೆಂಪು ಇಲ್ಲವೇ ಹಳದಿ ರೇಷ್ಮೆ ನೂಲು, ಹೊರಗೆ ಬೆಳ್ಳಿ ಬಿಳುಪು ಕಂಡರೆ ಬಹುಮಟ್ಟಿಗೆ ಬೆಳ್ಳಿ ಜರಿ. ತಾಮ್ರದ ಕೆಂಪು ಕಂಡರೆ, ಹಸಿರು ಕಿಲುಬು ಇದ್ದರೆ ತಾಮ್ರದ ಜರಿ. ಹಾಗಂತ ಅದನ್ನು ಎಸೆಯಬೇಡಿ ಮತ್ತೆ! ತಾತ ಮದುವೆಯಲ್ಲಿ ಸುತ್ತಿಕೊಂಡಿದ್ದು ತಾಮ್ರದ ಜರಿಯಾದರೇನು?

ಇನ್ನು ರಿಪೇರಿ. ಇಲ್ಲೇ ನಾವು ಎಡವುವುದು. ಕಪ್ಪಾದ ಜರಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಫಳಫಳ ಅನ್ನುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದೀಪದ ಕಂಬಕ್ಕೆ ಸರಿ, ಜರಿಗೆ ಖಂಡಿತಾ ಬೇಡ. ಬೆಳ್ಳಿ ಮೇಲಿನ ಚಿನ್ನದ ಲೇಪ ಕೂದಲಿಗಿಂತ ತೆಳು, ಉಜ್ಜಿದರೆ ಹೋಯಿತು. ತೊಳೆಯುವುದೂ ಬೇಡ, ಡ್ರೈಕ್ಲೀನಿಂಗೂ ಬೇಡ. ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿ. ಸೀಳಿದ ಕಡೆ ಹಿಂದಿನಿಂದ ತೆಳ್ಳನೆಯ ಮಲ್ ಬಟ್ಟೆ ಕೊಟ್ಟು, ಸಣ್ಣ ಸೂಜಿಯಲ್ಲಿ ದೂರದೂರ ಹೊಲಿಗೆ ಹಾಕಿ. ಬಿಗಿಯಾಗಿ ಎಳೆದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹಳೇ ರೇಷ್ಮೆ ಮುಟ್ಟಿದರೆ ಪುಡಿಯಾಗುತ್ತಿದ್ದರೆ ನೀವು ಕೈ ಹಾಕಲೇಬೇಡಿ. ಬೆಂಗಳೂರಿನಲ್ಲಿ ಇನ್‌ಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ಕೇಳಿ.

ಇಡುವಾಗ ಪ್ಲಾಸ್ಟಿಕ್ ಕವರು, ನ್ಯೂಸ್‌ಪೇಪರು, ರಬ್ಬರ್ ಬ್ಯಾಂಡು ಮೂರೂ ದೂರ. ಒಂದು ತೇವ ಹಿಡಿದಿಡುತ್ತದೆ, ಉಳಿದೆರಡು ಜರಿಯನ್ನು ಕಪ್ಪಾಗಿಸುತ್ತವೆ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಗಿಂತ ಒಳ್ಳೇ ಹೊದಿಕೆ ಇಲ್ಲ, ಅಜ್ಜಿಯರಿಗೆ ಅದು ಗೊತ್ತಿತ್ತು. ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಗಾಳಿಯಾಡಿಸಿ, ಮಡಿಕೆ ಬದಲಿಸಿ. ಅದೇ ಗೆರೆಯಲ್ಲಿ ಮಡಿಸಿದರೆ ಅದೇ ಗೆರೆಯಲ್ಲಿ ಹರಿಯುತ್ತದೆ.

ಟೋಪಿಗಳ ಮಾತು ಬೇಗ ಮುಗಿಸುತ್ತೇನೆ. ಖಾದಿಯ ಗಾಂಧಿ ಟೋಪಿಗೆ ತಣ್ಣೀರು, ಮೆದು ಸೋಪು ನಡೆಯುತ್ತದೆ. ಉಣ್ಣೆಯ ಕರಿ ಟೋಪಿಗೆ ನುಸಿ ಬಿದ್ದಿದ್ದರೆ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲವಾದರೆ ತೇವ ಕೂರುತ್ತದೆ. ಇಂಜಿನಿಯರ್ ತಾತಂದಿರ ಮನೆಯಲ್ಲಿ ಸೋಲಾ ಟೋಪಿ ಸಿಕ್ಕೀತು. ಹೊರಗೆ ಖಾಕಿ, ಒಳಗೆ ಜೌಗಿನ ಗಿಡದ ಬೆಂಡು, ಎತ್ತಿದರೆ ಹೂವಿನಷ್ಟು ಹಗುರ. ಅದಕ್ಕೆ ನೀರು ತಾಗಿಸಬೇಡಿ. ಒಳಗಿನ ಚರ್ಮದ ಪಟ್ಟಿ ಮಗುಚಿ ನೋಡಿ, ತಯಾರಿಸಿದವರ ಹೆಸರು, ಅಳತೆ ಇರಬಹುದು. 7 ಅಂತಿದ್ದರೆ ಸುಮಾರು 22 ಅಂಗುಲದ ತಲೆ.

ಕಲೆಗಳ ಬಗ್ಗೆ ನನ್ನದೊಂದು ಹಟವಿದೆ. ಬೆವರಿನ ಕಲೆ, ಎಣ್ಣೆ ಜಿಡ್ಡು, ಬಿಳಿ ರುಮಾಲಿನ ಮೂಲೆಯಲ್ಲಿ ಅಗಸರು ಹಾಕಿದ ಕರಿ ಗುರುತು, ಇವನ್ನು ತೆಗೆಯಲು ಹೋಗಬೇಡಿ. ಹೊಸದು ಬೇಕಾದರೆ ಅಂಗಡಿಯಲ್ಲಿದೆಯಲ್ಲ? ನಮಗೆ ಬೇಕಿರುವುದು ಅವರ ತಲೆ ಮೇಲಿದ್ದದ್ದು. ಪೇಟ ಕತ್ತರಿಸಿ ಪರ್ಸು, ಕುಶನ್ ಕವರ್ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಪರಿಚಯದ ಮನೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರು ಜಗಳ ಬೇಡವೆಂದು ಪೇಟವನ್ನು ಮೂರು ತುಂಡು ಮಾಡಿ ಫ್ರೇಮ್ ಹಾಕಿಸಿಕೊಂಡರು. ಜಗಳ ನಿಂತಿತೇನೋ ನಿಜ, ಪೇಟವೂ ಹೋಯಿತು. ವರ್ಷಕ್ಕೊಬ್ಬರ ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತು.

ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಟ್ರಂಕು ತೆಗೆದು ಅವರ ಮುಂದೆ ಹರವಿ. ಯಾರದು, ಯಾವ ಮದುವೆಯದು, ಯಾರು ಸುತ್ತಿಕೊಡುತ್ತಿದ್ದರು ಕೇಳಿ. ಬಿಳಿ ನಾಡಾಪಟ್ಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಒಂದು ಹೊಲಿಗೆ ಹಾಕಿಡಿ. ಪೆನ್ನು ಬೇಡ, ಶಾಯಿ ಹರಡುತ್ತದೆ.

ಅಜ್ಜಿ ಮಡಿಸಿಟ್ಟ ಪಂಚೆ ತುಂಡು ಈಗ ನನ್ನ ಬೀರುವಿನಲ್ಲಿದೆ. ಅದರಲ್ಲಿ ನಮ್ಮ ಮಾವನವರ ಕರಿ ಟೋಪಿ ಸುತ್ತಿಟ್ಟಿದ್ದೇನೆ.