ಜಪಾನಿನ ಕಟ್ಟಡ ಲೋಹಾಲಂಕಾರ: ಕಸುಬನ್ನು ಉಳಿಸಿದ ಬೇಡಿಕೆ

ಕರಕುಶಲ ಉದ್ಯಮಗಳ ಉಳಿವಿನ ಚರ್ಚೆ ನಡೆದಾಗಲೆಲ್ಲ ಸಹಾಯಧನ, ಪ್ರಶಸ್ತಿ, ಪ್ರದರ್ಶನಗಳ ಮಾತೇ ಮುಂದೆ ಬರುತ್ತದೆ. ಕೊಳ್ಳುವವನು ಯಾವಾಗ, ಎಷ್ಟು ಮತ್ತು ಎಂತಹ ಸರಕನ್ನು ಕೊಳ್ಳುತ್ತಾನೆ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಜಪಾನಿನ ಸಾಂಪ್ರದಾಯಿಕ ಕಟ್ಟಡಗಳಿಗೆ ಅಲಂಕಾರಿಕ ಲೋಹಸಾಮಗ್ರಿ ತಯಾರಿಸುವ ಕಸುಬಿನ ಇತಿಹಾಸವನ್ನು ನೋಡಿದರೆ, ಈ ಎರಡನೆಯ ಪ್ರಶ್ನೆಗೇ ಹೆಚ್ಚು ತೂಕವಿದೆ ಎನ್ನಬೇಕಾಗುತ್ತದೆ.

‘ಕಝಾರಿ ಕನಗು’ ಎಂದು ಕರೆಯಲಾಗುವ ಈ ಸಾಮಗ್ರಿಗೆ ಅಂದದ ಜೊತೆಗೆ ಕೆಲಸವೂ ಉಂಟು. ಅಡ್ಡಪಟ್ಟಿಯ ಮೇಲೆ ಕಾಣುವ ಮೊಳೆಯ ತಲೆಯನ್ನು ಮರೆಮಾಡುವುದು ‘ಕುಗಿಕಕುಶಿ’. ಜಾರುಬಾಗಿಲನ್ನು ಸರಿಸಲು ಬೆರಳಿಡುವ ಹಿಡಿ ‘ಹಿಕಿತೆ’. ಸೂರಿನಿಂದ ಹೊರಚಾಚಿದ ಮರದ ತುದಿಗಳಿಗೆ ತೊಡಿಸಿದ ಲೋಹದ ಕವಚವು ಮಳೆನೀರನ್ನು ತಡೆಯುತ್ತದೆ. ತಾಮ್ರದ ತಗಡನ್ನು ಕತ್ತರಿಸಿ, ಉಳಿಯಿಂದ ಹೂಬಳ್ಳಿಗಳನ್ನು ಮೂಡಿಸಿ, ಹಿನ್ನೆಲೆಯ ತುಂಬ ಮೀನಿನ ಮೊಟ್ಟೆಯಂತಹ ಸೂಕ್ಷ್ಮ ಗುಂಡು ಗುರುತುಗಳನ್ನು ಒಂದೊಂದಾಗಿ ಒತ್ತಿ, ಕೊನೆಗೆ ಚಿನ್ನದ ಲೇಪ ಕೊಡುವುದು ಪ್ರಸಿದ್ಧ ಕ್ರಮ. ಹಿಂದೆ ಚಿನ್ನವನ್ನು ಪಾದರಸದೊಡನೆ ಬೆರೆಸಿ ಬಳಿದು, ಕಾಯಿಸಿ, ಪಾದರಸವನ್ನು ಆವಿಯಾಗಿಸುತ್ತಿದ್ದರು. ಆ ಆವಿ ವಿಷ. ವಿದ್ಯುತ್ ಲೇಪನ ಬಂದುದನ್ನು ಈ ಒಂದು ಕಾರಣಕ್ಕಾದರೂ ಹಳಿಯಲಾಗದು.

ಕ್ಯೋಟೋದ ನಿಜೋ ಕೋಟೆಯ ಅರಮನೆಯಲ್ಲಿ ಕಾಗದ ಸುತ್ತಿದ ಹೂಗೊಂಚಲಿನ ಆಕಾರದ ಬೃಹತ್ ಮೊಳೆಮರೆಗಳಿವೆ. ಅದೇ ನಗರದ ಕತ್ಸುರ ಅರಮನೆಯ ಬಾಗಿಲ ಹಿಡಿಗಳು ‘ಚಂದ್ರ’ ಎಂಬ ಅಕ್ಷರದ ರೂಪದಲ್ಲಿವೆ. ಒಂದು ಅಧಿಕಾರದ ಆಡಂಬರ, ಇನ್ನೊಂದು ರಸಿಕನ ಮಿತವ್ಯಯ. ಗ್ರಾಹಕನ ಅಭಿರುಚಿಯೇ ಸರಕನ್ನು ರೂಪಿಸಿದೆ.

ಬೇಡಿಕೆಯ ಕ್ರಮಬದ್ಧತೆಗೆ ಇಸೆ ಮಹಾಮಂದಿರಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. ಕ್ರಿ.ಶ. 690ರಲ್ಲಿ ಆರಂಭವಾದ ಸಂಪ್ರದಾಯದಂತೆ ಅದನ್ನು 20 ವರ್ಷಗಳಿಗೊಮ್ಮೆ ಲೋಹಸಾಮಗ್ರಿ ಸಹಿತ ಹೊಸದಾಗಿ ನಿರ್ಮಿಸಲಾಗುತ್ತದೆ. 62ನೆಯ ನಿರ್ಮಾಣ 2013ರಲ್ಲಿ ಮುಗಿಯಿತು. 2033ರ ನಿರ್ಮಾಣಕ್ಕೆ ಸಂಬಂಧಿಸಿದ ವಿಧಿಗಳು 2025ರಲ್ಲಿಯೇ ಮೊದಲಾದವು. ಎಂಟು ವರ್ಷ ಮುಂಚಿತವಾಗಿ ಕೆಲಸದ ಸೂಚನೆ ಕೊಡುವ ಗ್ರಾಹಕನನ್ನು ಯಾವ ತಯಾರಕನು ಬೇಡವೆಂದಾನು? ಒಂದು ಸರದಿಯಲ್ಲಿ ಸಹಾಯಕನಾಗಿದ್ದವನು ಮುಂದಿನ ಸರದಿಗೆ ಗುರುವಾಗಬಲ್ಲನು.

ಆದರೆ ಈ ಸರಣಿಯೂ 15 ಮತ್ತು 16ನೆಯ ಶತಮಾನಗಳ ಅಂತಃಕಲಹದ ಕಾಲದಲ್ಲಿ 120ಕ್ಕೂ ಹೆಚ್ಚು ವರ್ಷ ನಿಂತುಹೋಗಿತ್ತು. ಒಬ್ಬನೇ ದೊಡ್ಡ ಗ್ರಾಹಕನನ್ನು ನೆಚ್ಚಿದ ಕಸುಬಿಗೆ ಅದು ಮರಣಶಾಸನವಾಗುತ್ತಿತ್ತು. ಇತರ ಮಂದಿರಗಳು, ಕೋಟೆಗಳು, ಅನಂತರದ ಕಾಲದಲ್ಲಿ ಮನೆಮನೆಯ ಬೌದ್ಧ ಪೂಜಾಪೀಠಗಳು ಇಂತಹ ಕೆಲಸಕ್ಕೆ ನಿತ್ಯದ ಮಾರುಕಟ್ಟೆಯನ್ನು ಒದಗಿಸಿದವು. ಇಂದು ಕುಸಿಯುತ್ತಿರುವುದು ಈ ನಿತ್ಯದ ಮಾರುಕಟ್ಟೆಯೇ. ನಗರದ ಕಿರಿದಾದ ವಸತಿಗಳಲ್ಲಿ ದೊಡ್ಡ ಪೀಠಕ್ಕೆ ಸ್ಥಳವಿಲ್ಲ. ಜೊತೆಗೆ ವಿದೇಶದಲ್ಲಿ ತಯಾರಾದ ಅಗ್ಗದ ಪೀಠಗಳ ಸ್ಪರ್ಧೆ ಬೇರೆ.

ಜಪಾನ್ ಸರ್ಕಾರವು 1975ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಸಂರಕ್ಷಣಾ ತಂತ್ರಗಳನ್ನು ಗುರುತಿಸುವ ವ್ಯವಸ್ಥೆ ಮಾಡಿತು. 2020ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದ ಮರದ ವಾಸ್ತುವಿನ 17 ಕೌಶಲಗಳಲ್ಲಿ ಕಟ್ಟಡಾಲಂಕಾರವೂ ಒಂದು. ಇವು ಶ್ಲಾಘನೀಯವೇ. ಆದರೆ ಮನ್ನಣೆಪತ್ರವು ಕಾರ್ಯಾಗಾರದ ಬಾಡಿಗೆಯನ್ನು ಕಟ್ಟುವುದಿಲ್ಲ. ಸಂರಕ್ಷಿತ ಕಟ್ಟಡಗಳ ಒಡೆತನವುಳ್ಳ ಸಂಸ್ಥೆಗಳು ಮುಂದಿನ ಎರಡು ದಶಕಗಳ ದುರಸ್ತಿಯ ಪಟ್ಟಿಯನ್ನು ಈಗಲೇ ಪ್ರಕಟಿಸಿ, ಕನಿಷ್ಠ ದರದ ಟೆಂಡರನ್ನು ಬದಿಗಿಟ್ಟು, ಉಳಿಯ ಒಂದೊಂದು ಪೆಟ್ಟಿನ ಶ್ರಮವನ್ನು ಲೆಕ್ಕಹಾಕಿ ಬೆಲೆ ನಿಗದಿಪಡಿಸಿದರೆ ಮಾತ್ರ ಹೊಸ ಹುಡುಗನೊಬ್ಬ ಈ ಕಸುಬಿಗೆ ಕೈಹಾಕಿಯಾನು.