ಲೇಪನದ ಬೇಡಿಕೆ ಅಂಕಿಗಳಲ್ಲಿರಲಿ

ಹಾವೇರಿ ಜಿಲ್ಲೆಯ ಮೆಣಸಿನಕಾಯಿ ವ್ಯಾಪಾರಿಗೆ "ಬಣ್ಣ ಚೆನ್ನಾಗಿರಲಿ" ಎಂಬ ಮಾತಷ್ಟೇ ಸಾಲದೆಂಬುದು ಚೆನ್ನಾಗಿ ತಿಳಿದಿದೆ. ದೊಡ್ಡ ಖರೀದಿದಾರರು ಬ್ಯಾಡಗಿ ಕಾಯಿಯ ಬಣ್ಣವನ್ನು ಆಸ್ಟಾ ಅಂಕಿಯಲ್ಲಿ ಕೇಳುತ್ತಾರೆ. ಅಸಿಟೋನ್‌ನಲ್ಲಿ ತೆಗೆದ ಸಾರವು 460 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಎಷ್ಟು ಹೀರುತ್ತದೆಂಬ ಅಳತೆಯಿಂದ ಆ ಅಂಕಿ ದೊರೆಯುತ್ತದೆ. ಮಾರುವಾಗ ಇಷ್ಟು ನಿಖರತೆಗೆ ಒಗ್ಗಿಕೊಂಡವರು ಯಂತ್ರದ ಭಾಗವನ್ನು ಕೊಳ್ಳುವಾಗ ಬಾಯಿಮಾತನ್ನೇ ನೆಚ್ಚುವುದು ಸರಿಯಲ್ಲ. ಗಾಜಿನ ಮೇಲಿನ ಆಪ್ಟಿಕಲ್ ಲೇಪನದ ವಿಷಯದಲ್ಲಿ ಈ ಉದಾಸೀನ ದುಬಾರಿಯಾಗುತ್ತದೆ.

ಹಾನಗಲ್ಲಿನ ಅಕ್ಕಿ, ಹಿರೇಕೆರೂರಿನ ಗೋವಿನಜೋಳ, ಶಿಗ್ಗಾಂವಿ ಹಾಗೂ ಸವಣೂರು ಭಾಗದ ಶೇಂಗಾ, ಇವೆಲ್ಲವನ್ನೂ ಶುಚಿಗೊಳಿಸಲು ಕಲರ್ ಸಾರ್ಟರ್ ಯಂತ್ರ ಉಪಯುಕ್ತ. ಬೀಳುವ ಕಾಳನ್ನು ಕ್ಯಾಮೆರಾ ನೋಡುತ್ತದೆ. ದೋಷವುಳ್ಳದ್ದನ್ನು ಗಾಳಿಯ ಒತ್ತಡ ಹೊರತಳ್ಳುತ್ತದೆ. ಕ್ಯಾಮೆರಾದ ಮುಂದಿನ ಗಾಜು ಹಾಳಾಗಿ ಮೂಲ ಬಿಡಿಭಾಗ ದೊರೆಯದಿದ್ದರೆ ಅದನ್ನು ಲೇಪನಸಹಿತ ಮಾಡಿಸಬೇಕಾಗುತ್ತದೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಎರಡೂ ಮುಖಗಳಿಂದ ಶೇ. 8ರಷ್ಟು ನಷ್ಟ. ಮೆಗ್ನೀಸಿಯಂ ಫ್ಲೋರೈಡಿನ ಸುಮಾರು 100 ನ್ಯಾನೋಮೀಟರ್ ದಪ್ಪದ ಒಂದು ಪದರವು ಹಸಿರು ಬೆಳಕಿನಲ್ಲಿ ಈ ಪ್ರತಿಫಲನವನ್ನು ಮುಖವೊಂದಕ್ಕೆ ಶೇ. 1.3ರ ಆಸುಪಾಸಿಗೆ ಇಳಿಸಬಲ್ಲದು.

ಆದರೆ "ಪ್ರತಿಫಲನ ತಡೆಯುವ ಲೇಪನ ಬೇಕು" ಎಂದಷ್ಟೇ ಬರೆದ ಆದೇಶ ಅಪೂರ್ಣ. ಕಣ್ಣಿಗೆ ಕಾಣುವ ಬೆಳಕಿನ ವ್ಯಾಪ್ತಿ ಸುಮಾರು 400ರಿಂದ 700 ನ್ಯಾನೋಮೀಟರ್. ಕಲ್ಲು, ಪ್ಲಾಸ್ಟಿಕ್ ಚೂರುಗಳನ್ನು ಗುರುತಿಸುವ ಕೆಲವು ಯಂತ್ರಗಳು 900ರಿಂದ 1700 ನ್ಯಾನೋಮೀಟರ್‌ವರೆಗಿನ ಅವಕೆಂಪು ಬೆಳಕನ್ನು ಬಳಸುತ್ತವೆ. ಮೊದಲನೆಯದಕ್ಕೆಂದು ರೂಪಿಸಿದ ಬಹುಪದರ ಲೇಪನವು ಎರಡನೆಯದರಲ್ಲಿ ಬರಿಯ ಗಾಜಿಗಿಂತಲೂ ಹೆಚ್ಚು ಪ್ರತಿಫಲಿಸಬಹುದು. ಬೆಳಕು ಓರೆಯಾಗಿ ಬಿದ್ದಂತೆಲ್ಲ ಲೇಪನದ ಕಾರ್ಯವ್ಯಾಪ್ತಿ ಕಡಿಮೆ ತರಂಗದೂರದತ್ತ ಸರಿಯುತ್ತದೆ.

ಆದ್ದರಿಂದ ಆದೇಶಪತ್ರದಲ್ಲಿ ಬಳಕೆಯ ಉದ್ದೇಶ, ತರಂಗದೂರದ ವ್ಯಾಪ್ತಿ, ಬೆಳಕು ಬೀಳುವ ಕೋನ, ಒಪ್ಪಬಹುದಾದ ಗರಿಷ್ಠ ಪ್ರತಿಫಲನ, ಲೇಪನ ಒಂದು ಮುಖಕ್ಕೋ ಎರಡಕ್ಕೋ ಎಂಬುದು ಸ್ಪಷ್ಟವಾಗಿರಬೇಕು. ಗಾಜಿನ ಜಾತಿ, ಅಳತೆ ಮತ್ತು ತಾಳಿಕೊಳ್ಳುವ ಶಾಖವನ್ನೂ ತಿಳಿಸಬೇಕು. ಗಟ್ಟಿ ಲೇಪನಕ್ಕಾಗಿ ಗಾಜನ್ನು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದುಂಟು. ಅಕ್ರಿಲಿಕ್ ಹಾಳೆ ಅದನ್ನು ತಾಳದು. ತೌಡಿನ ಧೂಳು, ದಿನನಿತ್ಯದ ಒರೆಸುವಿಕೆ, ಮಳೆಗಾಲದ ತೇವ ಇವುಗಳೆದುರು ಬಾಳಿಕೆಯೇ ಮುಖ್ಯ. ಇದಕ್ಕೆ ಐಎಸ್‌ಒ 9211 ಮಾನದಂಡದಲ್ಲಿ ಪರೀಕ್ಷೆಗಳಿವೆ. ಅಕ್ಕಿ ಗಿರಣಿಯ ಗಾಜಿಗೆ ಶೇ. 0.2ರ ಪ್ರತಿಫಲನವನ್ನು ಪಟ್ಟು ಹಿಡಿದು ಕೇಳುವುದು ದುಡ್ಡು ಕಳೆಯುವ ದಾರಿ; ಅದೇ ಹಣವನ್ನು ಉಜ್ಜುವಿಕೆಯ ಪರೀಕ್ಷೆಗೆ ವಿನಿಯೋಗಿಸುವುದು ಲೇಸು. ಅದೇ ಸರದಿಯಲ್ಲಿ ಲೇಪಿಸಿದ ಒಂದು ಮಾದರಿ ತುಣುಕನ್ನೂ ಅಳತೆಯ ನಕ್ಷೆಯನ್ನೂ ಪಡೆದುಕೊಳ್ಳಬೇಕು.

ಬರಹದ ಮಹತ್ವ ಕಾನೂನಿನಲ್ಲಿಯೂ ಇದೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನಂತೆ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಆ ಸರಕನ್ನು ಪೂರೈಸುವುದೇ ವೃತ್ತಿಯಾಗುಳ್ಳ ಮಾರಾಟಗಾರನ ಪರಿಣತಿಯನ್ನು ನಂಬಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ತಾನಾಗಿಯೇ ಸೇರುತ್ತದೆ. ಉದ್ದೇಶವನ್ನೇ ತಿಳಿಸದವನಿಗೆ ಈ ಆಸರೆ ದುರ್ಲಭ. ಇನ್ನೊಂದೆಡೆ, ಪೂರೈಕೆದಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಕಾಯ್ದೆಯಂತೆ ಆಕ್ಷೇಪಣೆಯನ್ನು ಸರಕು ತಲುಪಿದ 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬೇಕು. ಇಲ್ಲವಾದರೆ ತಲುಪಿದ ದಿನವೇ ಸ್ವೀಕರಿಸಿದಂತೆ ಭಾವಿಸಲಾಗುತ್ತದೆ. ಮೂರು ತಿಂಗಳ ನಂತರ ತಕರಾರು ತೆಗೆದರೆ ಅದನ್ನು ಸಾಧಿಸುವುದು ಕಷ್ಟವಾಗಬಹುದು.

ಲೇಪನದ ನಿರ್ವಾತ ಕೋಣೆಯಲ್ಲಿ ಎರಡು ಗಾಜಿಗೂ ಇಪ್ಪತ್ತು ಗಾಜಿಗೂ ತಗಲುವ ವೆಚ್ಚದ ಅಂತರ ಅಲ್ಪ. ಆದುದರಿಂದ ನಾಲ್ಕೂ ತಾಲ್ಲೂಕುಗಳ ಗಿರಣಿದಾರರು ಪ್ರತ್ಯೇಕವಾಗಿ ಅಲೆಯುವ ಬದಲು ಒಂದೇ ಬಗೆಯ ಯಂತ್ರವುಳ್ಳವರು ಕೂಡಿ ಬೇಡಿಕೆ ಸಲ್ಲಿಸುವುದು ಲಾಭಕರ. ವಾಣಿಜ್ಯ ಸಂಸ್ಥೆಗಳು ಕನ್ನಡದಲ್ಲಿ ಒಂದು ಪುಟದ ಮಾದರಿ ಆದೇಶಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದಲ್ಲಿ, ಸಣ್ಣ ಉದ್ಯಮಿಯ ಹಣವೂ ಹಂಗಾಮಿನ ಅಮೂಲ್ಯ ದಿನಗಳೂ ಉಳಿಯುವುದರಲ್ಲಿ ಸಂದೇಹವಿಲ್ಲ.