ನಾಲ್ಕು ಎಣಿಸಲು ಬಂದರೆ ಸಾಕು

ಮಕ್ಕಳ ಕಿವಿಯಲ್ಲಿ ಇಯರ್‌ಫೋನ್, ಅಜ್ಜ-ಅಜ್ಜಿಯರ ಕೈಯಲ್ಲಿ ಟೀವಿ ರಿಮೋಟ್. ಒಂದೇ ಸೂರಿನಡಿ ಇದ್ದರೂ ಒಬ್ಬರು ಕೇಳುವ ಹಾಡು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಈ ವಾರ ಇಯರ್‌ಫೋನ್ ತೆಗೆದಿಟ್ಟು, ಎರಡು ತಲೆಮಾರೂ ಒಟ್ಟಿಗೆ ಕೂತು ಕೇಳಬಹುದಾದ ಒಂದು ಸಂಗೀತದ ಬಗ್ಗೆ ಬರೆಯುತ್ತೇನೆ. ಅದರ ಹೆಸರು ‘ಹೌಸ್’. ಹೆಸರಿನಲ್ಲಿ ಮನೆ ಇದ್ದರೂ ಅದಕ್ಕೆ ಆ ಹೆಸರು ಬಂದದ್ದು ಒಂದು ಗೋದಾಮಿನಿಂದ!

“ಡಬ್ ಡಬ್ ಡಬ್ ಅಂತ ಒಂದೇ ಸದ್ದು, ಇದೂ ಒಂದು ಸಂಗೀತವೇ?” ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಆ ಡಬ್ ಡಬ್‌ನಲ್ಲಿ ಒಂದು ಅಚ್ಚುಕಟ್ಟಾದ ಲೆಕ್ಕವಿದೆ. ನಾಲ್ಕು ಎಣಿಕೆಗೆ ಒಂದು ಆವರ್ತ. ಪ್ರತಿ ಎಣಿಕೆಗೂ ದೊಡ್ಡ ಡ್ರಮ್ಮಿನ ಪೆಟ್ಟು, 2 ಮತ್ತು 4ಕ್ಕೆ ಚಪ್ಪಾಳೆ, ಎರಡು ಪೆಟ್ಟುಗಳ ನಡುವಿನ ಜಾಗದಲ್ಲಿ ‘ತ್ಸ್’ ಎಂಬ ಸಣ್ಣ ತಾಳ. ವೇಗ ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟು. ಅಂದರೆ ಸೆಕೆಂಡಿಗೆ ಎರಡು, ಬಿರುಸಾಗಿ ನಡೆಯುವವರ ಹೆಜ್ಜೆಯಷ್ಟು. ಆದಿತಾಳ ಕಲಿತ ಮಕ್ಕಳು ಎರಡು ಆವರ್ತ ಸೇರಿಸಿ ಎಂಟು ಎಣಿಸಿದರೆ ಸುಲಭವಾಗಿ ಹೊಂದುತ್ತದೆ. ಸಾಮಾನ್ಯವಾಗಿ 8 ಅಥವಾ 16 ಆವರ್ತಕ್ಕೊಮ್ಮೆ ಹೊಸದೊಂದು ಸದ್ದು ಒಳಗೆ ಬರುತ್ತದೆ, ಇಲ್ಲವೇ ಇದ್ದದ್ದೊಂದು ಮೆಲ್ಲನೆ ಹೊರಗೆ ಹೋಗುತ್ತದೆ. ಅದನ್ನು ಕಿವಿ ಹಿಡಿದಾಗ ಬೇಸರ ಹೋಗಿ ಮಜಾ ಶುರುವಾಗುತ್ತದೆ.

ಇದು ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. 1979ರ ಜುಲೈ 12ರಂದು ಅಲ್ಲಿನ ಬೇಸ್‌ಬಾಲ್ ಮೈದಾನಕ್ಕೆ ಒಂದು ಡಿಸ್ಕೋ ರೆಕಾರ್ಡ್ ತಂದವರಿಗೆ ಟಿಕೆಟ್ ಬರೀ 98 ಸೆಂಟ್. ಹಾಗೆ ತಂದ ರೆಕಾರ್ಡುಗಳನ್ನು ರಾಶಿ ಹಾಕಿ ಎಲ್ಲರೆದುರು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದ್ದರಿಂದ ಎರಡನೆಯ ಪಂದ್ಯವೇ ನಡೆಯಲಿಲ್ಲ. ಕುಣಿತದ ಸಂಗೀತವೆಂದರೆ ಕಸ ಎಂದು ಆ ರಾತ್ರಿ ಕೂಗಿದವರಿದ್ದರು.

ಅದೇ ಊರಿನ ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ 1977ರಿಂದ ಹಾಡು ಹಾಕುತ್ತಿದ್ದರು. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡಿದ್ದ ಕಪ್ಪು ಜನಾಂಗದ, ಲ್ಯಾಟಿನೋ ಮತ್ತು ಸಲಿಂಗಿ ಯುವಜನರಿಗೆ ಅಲ್ಲಿ ಜಾಗವಿತ್ತು. ವೇರ್‌ಹೌಸಿನ ಹಾಡು ಜನರ ಬಾಯಲ್ಲಿ ತುಂಡಾಗಿ ‘ಹೌಸ್’ ಆಯಿತು ಎನ್ನುತ್ತಾರೆ. ಮುಂದೆ ಡ್ರಮ್ ಯಂತ್ರಗಳು ಕೈಗೆಟುಕಿದಾಗ ಹುಡುಗರು ಮನೆಯಲ್ಲೇ ಹಾಡು ಕಟ್ಟತೊಡಗಿದರು. 1986ರ ‘ಮೂವ್ ಯುವರ್ ಬಾಡಿ’ ಮಾಡಿದ ಮಾರ್ಷಲ್ ಜೆಫರ್ಸನ್ ಅಂಚೆ ಕಚೇರಿಯ ನೌಕರ. ಬ್ಯಾಂಕ್ ಕೌಂಟರಿನಲ್ಲಿ ಕೂತವನಾದ್ದರಿಂದ ನನಗೆ ಅವರ ಮೇಲೆ ಕೊಂಚ ಅಭಿಮಾನ ಜಾಸ್ತಿ!

ಹೊಸಬರಿಗೆ ನನ್ನ ಪಟ್ಟಿ ಇಲ್ಲಿದೆ. ಎಲ್ಲವೂ ಈಚಿನವು.

1. ‘ಜೆರುಸಲೇಮಾ’ (2019): ದಕ್ಷಿಣ ಆಫ್ರಿಕಾದ ಮಾಸ್ಟರ್ ಕೆಜಿ ಅವರ ಸಂಗೀತಕ್ಕೆ ನೊಮ್ಸೆಬೊ ಜಿಕೋಡೆ ಜುಲು ಭಾಷೆಯಲ್ಲಿ ಹಾಡಿದ್ದಾರೆ. ಇದು ನಿಜಕ್ಕೂ ಪ್ರಾರ್ಥನೆ. ನನ್ನ ಮನೆ ಇಲ್ಲಿಲ್ಲ, ನನ್ನನ್ನು ಕಾಯಿ, ಜೊತೆಗೆ ನಡೆ ಎಂಬ ಅರ್ಥ. ದಾಸರ ಪದ ಕೇಳಿ ಬೆಳೆದವರಿಗೆ ಈ ಭಾವ ಹೊಸದಲ್ಲ. ಅಂಗೋಲಾದ ಗೆಳೆಯರ ಗುಂಪೊಂದು ಊಟದ ತಟ್ಟೆ ಹಿಡಿದುಕೊಂಡೇ ಇದಕ್ಕೆ ಹೆಜ್ಜೆ ಹಾಕಿದ ಮೇಲೆ, 2020ರಲ್ಲಿ ಜಗತ್ತಿನ ಎಷ್ಟೋ ಆಸ್ಪತ್ರೆಗಳ ನರ್ಸ್‌ಗಳೂ ಕುಣಿದರು. ಅಜ್ಜಿಯರು ಇಲ್ಲಿಂದಲೇ ಶುರುಮಾಡಲಿ.

2. ‘ಮರಿಯಾ’ (2021): ಬ್ರಿಟನ್ನಿನ ಫ್ರೆಡ್ ಅಗೇನ್ ಅವರದು. ಇದರಲ್ಲಿ ಹಾಡಿಗಿಂತ ಮಾತೇ ಹೆಚ್ಚು. ದಿ ಬ್ಲೆಸ್ಡ್ ಮಡೋನಾ ಎಂಬ ಡಿಜೆ, ಕೊರೊನಾ ಕಾಲದಲ್ಲಿ ಕುಣಿತವನ್ನೂ ಗೆಳೆಯರ ಅಪ್ಪುಗೆಯನ್ನೂ ಕಳೆದುಕೊಂಡೆವು ಎನ್ನುತ್ತಾರೆ, ಮುಂದೆ ಬರುವುದು ಸೊಗಸಾಗಿರುತ್ತದೆ ಎಂದೂ ಹೇಳುತ್ತಾರೆ. ನಮ್ಮ ಪಾರ್ಕಿನ ಬೆಂಚಿನಲ್ಲಿ ಸಂಜೆ ಸೇರುತ್ತಿದ್ದವರು ಏಳು ಜನ. ಲಾಕ್‌ಡೌನ್ ಮುಗಿದ ಮೇಲೆ ಸೇರಿದವರು ಐದೇ. ಈ ಹಾಡು ಕೇಳುವಾಗ ಆ ಇಬ್ಬರು ನೆನಪಾಗುತ್ತಾರೆ, ಆದರೂ ಕಾಲು ತಾಳ ಹಾಕುತ್ತಲೇ ಇರುತ್ತದೆ. ದುಃಖವನ್ನೂ ಕುಣಿತವನ್ನೂ ಒಂದೇ ತಟ್ಟೆಯಲ್ಲಿ ಇಡಬಹುದೆಂದು ನನಗೆ ತಿಳಿದದ್ದು ಇದರಿಂದ.

3. ‘ಬ್ರೇಕ್ ಮೈ ಸೋಲ್’ (2022): ಹಾಡಿದವರು ಬಿಯಾನ್ಸೆ. 1990ರ ದಶಕದ ‘ಶೋ ಮಿ ಲವ್’ ಎಂಬ ಪ್ರಸಿದ್ಧ ಹೌಸ್ ಹಾಡಿನ ಎಳೆ ಇದರಲ್ಲಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿ, ನೆಂಟಸ್ತಿಕೆ ಗೊತ್ತಾಗುತ್ತದೆ. ಕೆಲಸ ಬಿಟ್ಟುಬಂದೆ ಎನ್ನುವ ಹಾಡಿದು. ಒಂದೇ ಬ್ಯಾಂಕಿನಲ್ಲಿ 36 ವರ್ಷ ಕೂತ ನಾನು ಇದಕ್ಕೆ ತಲೆದೂಗುವುದನ್ನು ಕಂಡು ನನ್ನ ಹೆಂಡತಿ ನಗುತ್ತಾಳೆ.

4. ‘ನಾನಾನಾ’ (2023): ದಕ್ಷಿಣ ಕೊರಿಯಾದ ಪೆಗ್ಗಿ ಗೌ ಅವರದು. ಮನಸ್ಸಿನ ಭಾವಕ್ಕೆ ಮಾತು ಸಿಗದಾಗ ಬರೀ ‘ನಾ ನಾ ನಾ’. ತಿಲ್ಲಾನದಲ್ಲಿ ನಾವೂ ಅರ್ಥವಿಲ್ಲದ ಅಕ್ಷರಗಳಲ್ಲೇ ಕುಣಿಯುವುದಿಲ್ಲವೇ? ಮಕ್ಕಳಿಗೆ ಒಂದೇ ಸಲಕ್ಕೆ ಬಾಯಿಪಾಠವಾಗುತ್ತದೆ.

ಪಟ್ಟಿಯ ಹೊರಗೆ ಒಂದು ಹಳೆಯದು, ನಮ್ಮ ದೇಶದ್ದು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿದ್ದ ಮುಂಬೈನ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ, ಸಿಂಥಸೈಜರ್ ಮತ್ತು ಡ್ರಮ್ ಯಂತ್ರದಲ್ಲಿ ನುಡಿಸಿದರು. ಆಗ ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ, ಶಿಕಾಗೋದ ‘ಆಸಿಡ್ ಹೌಸ್’ನಂಥ ಸದ್ದು ಅದಕ್ಕೂ ಮೊದಲೇ ನಮ್ಮಲ್ಲಿ ಮೊಳಗಿತ್ತೇ ಎಂದು ಜಗತ್ತು ಬೆರಗಾಯಿತು. ಅದರಲ್ಲಿರುವ ಮಾಲ್ಕೌಂಸ್ ಅಂದರೆ ನಮ್ಮ ಹಿಂದೋಳ, ಯಮನ್ ಅಂದರೆ ಕಲ್ಯಾಣಿ. ಸಂಗೀತ ಬಲ್ಲ ಅಜ್ಜ-ಅಜ್ಜಿಯರು ಮೊಮ್ಮಕ್ಕಳಿಗೆ ರಾಗ ಗುರುತಿಸಿ ತೋರಿಸಬಹುದು.

ಎರಡು ಕಿವಿಮಾತು. ಈ ಬಗೆಯ ಬೇರೆ ಹಾಡು ಹುಡುಕುವಾಗ ಹಿರಿಯರು ಮೊದಲು ಕೇಳಿ, ಆಮೇಲೆ ಮಕ್ಕಳಿಗೆ ಹಾಕಿ. ಎಲ್ಲ ಸಾಹಿತ್ಯವೂ ಮಕ್ಕಳಿಗಲ್ಲ. ಸದ್ದು ಪಕ್ಕದ ಮನೆಗೆ ಹೋಗದಷ್ಟಿರಲಿ. ಮಂಡಿ ನೋವಿದ್ದವರು ಕುರ್ಚಿಯಲ್ಲೇ ಕೂತು ಹಿಮ್ಮಡಿ ಕುಣಿಸಿದರೂ ನಡೆಯುತ್ತದೆ.

ಈ ವಾರದ ಲೆಕ್ಕ: ಒಂದು ಹಾಡಿನ ವೇಗ ನಿಮಿಷಕ್ಕೆ 124 ಪೆಟ್ಟು, ಉದ್ದ 4 ನಿಮಿಷ. ಹಾಗಾದರೆ ಒಟ್ಟು ಎಷ್ಟು ಪೆಟ್ಟು, ಎಷ್ಟು ಆವರ್ತ? ಮಕ್ಕಳು ಬಾಯಿಲೆಕ್ಕ ಮಾಡಲಿ, ಅಜ್ಜಂದಿರು ತಾಳೆ ನೋಡಲಿ. ಆಮೇಲೆ ಇಬ್ಬರೂ ಎದ್ದು ನಿಂತು, ಅಷ್ಟೂ ಪೆಟ್ಟಿಗೆ ಹೆಜ್ಜೆ ಹಾಕಲಾದೀತೇ ನೋಡಿ.